ಪ್ರಾರ್ಥನೆಯ ಕೈಗೆ ಹತ್ತಿದ ಕಪ್ಪು

"ಅಯ್ಯೋ, ಇವು ನಮ್ಮ ದಂಡೆ ಕಲ್ಲು!"

ಮುಂದಿನ ಬೆಂಚಿನ ಮುದುಕಿ ಹೀಗೆ ಕಿರುಚಿದ ಮೇಲೆಯೇ ಸಭೆಗೆ ಮೈಮೇಲೆ ಎಚ್ಚರ ಬಂದದ್ದು. ಅವರುವಾ ಎಂಬ ದ್ವೀಪದೂರಿನ ಸಭಾಭವನದ ನಡುವೆ ಬಿಳಿ ಹೂಮಾಲೆ ತೊಟ್ಟು ಮದುಮಗಳಂತೆ ಕೂತಿದ್ದ ಪೆಟ್ಟಿಗೆಯ ಬೀಗವನ್ನು, ಕೀಲಿಯ ಹೊಣೆ ಹೊತ್ತಿದ್ದ ಕುರಾ ಆಗಷ್ಟೇ ತೆಗೆದಿದ್ದಳು. ಬಿಸಿಲನ್ನೇ ಕಾಣದ ಕಡಲತಳದಿಂದ ಕಂಪನಿಯ ಹಡಗು ಹೆಕ್ಕಿ ತಂದ, ಲೋಹ ತುಂಬಿದ ಗಂಟುಗಲ್ಲುಗಳು ಅದರಲ್ಲಿರಬೇಕಿತ್ತು. ಇದ್ದದ್ದು ಮಕ್ಕಳು ಎಸೆದಾಡುವ ಕರಿಕಲ್ಲು.

ಕಂಪನಿಗೆ ಸಿಕ್ಕಿದ್ದು ಹುಡುಕುವ ಪರವಾನಗಿ ಮಾತ್ರ, ಅದೂ ಗೊತ್ತುಮಾಡಿದ ಗಡಿಯೊಳಗೆ. ಸಭೆಗೆ ತೋರಿಸಿದ ಮೇಲೆ ಗಂಟುಗಲ್ಲು ಪರೀಕ್ಷೆಗೆ ಹೋಗಬೇಕಿತ್ತು; ಹೋದರೆ ಅದು ಗಡಿಯೊಳಗಿನದೋ, ಯಾರೂ ಮುಟ್ಟಬಾರದೆಂದು ಕಾಯ್ದಿಟ್ಟ ನೀರಿನದೋ ತಿಳಿದುಬಿಡುತ್ತಿತ್ತು.

"ಕೀಲಿ ಯಾರ ಹತ್ರ ಇತ್ತೋ ಅವರನ್ನ ಹಿಡೀರಿ," ಎಂದ ಕಂಪನಿಯ ಹಾರ್ಟ್‌ಲಿ.

ಕುರಾ ಬಿಳಿಚಿಕೊಂಡಳು. "ಜಗಲೀಲಿ ಮಾಲೆ ಕಟ್ತಾ ಇದ್ದೆ. ಕೀಲಿ ಅಡುಗೆಮನೆ ಮೊಳೆಗೆ ನೇತುಹಾಕಿದ್ದೆ. ಎಟೆಟಾ, ನೀನಾದ್ರೂ ನಂಬೇ!"

ಎಟೆಟಾ ಪೊಲೀಸ್ ಟೋಪಿ ತೊಟ್ಟು ಒಂದು ವರ್ಷವೂ ಆಗಿರಲಿಲ್ಲ. ಜೈಲಿಗೆ ಕರೆದೊಯ್ಯಬೇಕಾದವಳು ಬಾಲ್ಯದ ಗೆಳತಿ. ಅವಳು ದಿಕ್ಕುಗಾಣದೆ ಅಕೈತಿ ಅತ್ತೆಯತ್ತ ನೋಡಿದಳು. ಪೊಲೀಸು ಕೆಲಸದಿಂದ ನಿವೃತ್ತಳಾಗಿದ್ದರೂ ದ್ವೀಪದಲ್ಲಿ ಏನು ಕಳೆದರೂ ಜನ ಮೊದಲು ಕರೆಯುತ್ತಿದ್ದದ್ದು ಅವಳನ್ನೇ. ಎಟೆಟಾ ಅವಳ ನೆರಳು.

ಅಕೈತಿ ಅತ್ತೆ ನಿಧಾನವಾಗಿ ಎದ್ದು ಪೆಟ್ಟಿಗೆಯ ಕಲ್ಲೊಂದನ್ನು ಬಿಳಿ ಕರವಸ್ತ್ರಕ್ಕೆ ತಿಕ್ಕಿದಳು. ಬಟ್ಟೆ ಬೆಳ್ಳಗೇ ಉಳಿಯಿತು. ಮಾಲೆಯ ಹೂಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಆಮೇಲೆ ಎಟೆಟಾಳ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದಳು.

"ಪೆಟ್ಟಿಗೆ ಮುಟ್ಟಿದ್ಯಾ?"

"ಇಲ್ಲ ಅತ್ತೆ."

"ಮತ್ತೆ ಇದೇನೇ, ಒಲೆ ಬಳಿದ ಹಾಗೆ?"

ಅಂಗೈ ತುಂಬ ಕಪ್ಪು ಮಸಿ. ಎಟೆಟಾ ಬೆಚ್ಚಿಬಿದ್ದಳು. ಎಡಗೈ ಮಾತ್ರ ಶುಭ್ರವಾಗಿತ್ತು.

"ಬಾಗಿಲು ಹಾಕಿ," ಎಂದಳು ಅಕೈತಿ ಅತ್ತೆ. "ಸಭೆಗೆ ಮೊದಲು ಎಲ್ಲರೂ ಪ್ರಾರ್ಥನೆಗೆ ನಿಂತಿದ್ರಲ್ಲ, ಹಾಗೇ ಅದೇ ಪಕ್ಕದವರ ಕೈ ಹಿಡಿದು ನಿಲ್ಲಿ."

ಜನ ಗುಸುಗುಟ್ಟುತ್ತ ಸುತ್ತುಗಟ್ಟಿದರು. ಎಟೆಟಾಳ ಎಡಕ್ಕೆ ಕುರಾ ಬಂದು ನಿಂತಳು. ಬಲಕ್ಕೆ ಯಾರೂ ಬರಲಿಲ್ಲ.

"ಸಮುದ್ರದಡಿಯ ಗಂಟುಗಲ್ಲು ಮುಟ್ಟಿದ ಕೈಗೆಲ್ಲ ಮಸಿ ಹತ್ತುತ್ತೆ ಎಟೆಟಾ," ಎಂದಳು ಅಕೈತಿ ಅತ್ತೆ. " ದಂಡೆ ಕಲ್ಲು ಹತ್ತಿಸಲ್ಲ. ಕುರಾ ಅದನ್ನ ಮುಟ್ಟಿದ್ರೆ ಈ ಬಿಳಿ ಹೂವೆಲ್ಲ ಕಪ್ಪಾಗಬೇಕಿತ್ತು, ನಿನ್ನ ಎಡಗೈನೂ ಕಪ್ಪಾಗಬೇಕಿತ್ತು. ಆಗಿಲ್ಲ. ಇನ್ನೊಂದು ಮಾತು. ಬೆಳಿಗ್ಗೆ ಅಡುಗೆಮನೇಲಿ ನೀನು ಯಾರನ್ನೋ ಚುಡಾಯಿಸಿ ನಕ್ಕಿದ್ದು ಕೇಳಿಸ್ತು."

ಎಟೆಟಾಗೆ ಬೆಳಗಿನದು ನೆನಪಾಯಿತು. ನೆಲದಲ್ಲಿ ತೋಡಿದ ಒಲೆಯ ಕುಳಿ ತೆರೆದು ಊಟ ಬಡಿಸಲು ಸಿದ್ಧವಾಗಿದ್ದಾಗ ಒಬ್ಬರು ಹಸಿ ಕೆಸುವಿನ ಗೆಡ್ಡೆಯ ಬುಟ್ಟಿ ಇಳಿಸಿದ್ದರು. "ಎಲ್ಲಾ ಬೆಂದ ಮೇಲೆ ಹಸೀದು ತಂದಿದೀಯಲ್ಲ ಅಜ್ಜಾ, ಯಾರ ಗಂಟಲು ಕೆರೆಸೋಕೆ?" ಎಂದು ಅವಳೇ ಕೇಳಿದ್ದಳು.

"ಕುರಾ, ಆ ಬುಟ್ಟಿ ತಾರಮ್ಮ."

ಗೆಡ್ಡೆಗಳ ಕೆಳಗೆ ಗೆಡ್ಡೆಗಳಂತೆಯೇ ಉಬ್ಬುತಗ್ಗಾಗಿ ಗಂಟುಗಲ್ಲುಗಳು ಮಲಗಿದ್ದವು. ಬುಟ್ಟಿ ತಂದವನೂ ಪ್ರಾರ್ಥನೆಯಲ್ಲಿ ಎಟೆಟಾಳ ಬಲಗೈ ಹಿಡಿದವನೂ ಒಬ್ಬನೇ. ಎಟೆಟಾಳನ್ನು ಸಾಕಿದ ರೊಂಗೊ ಅಜ್ಜ, ಚರ್ಚಿನ ಹಿರಿಯ, ಹಡಗಿನ ಮೇಲೆ ಸರ್ಕಾರದ ಕಣ್ಣಾಗಿದ್ದವನು, ಗೋಡೆಗೆ ಒರಗಿ ಕುಸಿದು ಕೂತ.

"ಹಡಗು ಗಡಿ ದಾಟಿಲ್ಲ ಅಂತ ದೇವರಾಣೆ ಮಾಡಿದ್ದೆಯಲ್ಲೋ ರೊಂಗೊ," ಅಕೈತಿಯ ದನಿ ಮೆತ್ತಗಾಯಿತು. "ನೋಡಿದ್ದೆಯಾ?"

"ಭಾನುವಾರ ನಾನು ಕೆಲಸ ಮುಟ್ಟಲ್ಲ, ನಿನಗೆ ಗೊತ್ತು. ಕೋಣೆ ಬಾಗಿಲು ಹಾಕ್ಕೊಂಡು ಬೈಬಲ್ ಓದ್ತಾ ಇದ್ದೆ. ಮೇಲೆ ಯಂತ್ರದ ಸದ್ದು ಕೇಳಿಸ್ತು, ಏಳಲಿಲ್ಲ. ಆ ದಿನಕ್ಕೂ ಸೇರಿಸಿ ಆಣೆ ಮಾಡಿಬಿಟ್ಟೆ. ಕಲ್ಲು ಗಡಿಯಾಚೆದು ಅಂತ ಹಡಗಿನ ಅಡುಗೆಯವನು ಆಮೇಲೆ ಬಾಯಿಬಿಟ್ಟ. ದೇವರ ಹೆಸರಲ್ಲಿ ಸುಳ್ಳಾಡಿದವನು ಅಂತ ಊರು ನೋಡೋದು ಬೇಡ ಅನ್ನಿಸ್ತು. ಮೊಳೆಯಿಂದ ಕೀಲಿ ತಗೊಂಡು ಕಲ್ಲು ಬದಲಾಯಿಸಿ, ಕೈ ಪ್ಯಾಂಟಿಗೆ ಒರೆಸ್ಕೊಂಡೆ. ಪ್ರಾರ್ಥನೆಗೆ ಕರೆದ್ರು. ಪ್ರಾರ್ಥನೇಲಿ ಕೈ ಕೊಡಲ್ಲ ಅನ್ನೋಕಾಗುತ್ತಾ?"

"ಕುರಾ ಜೈಲಿಗೆ ಹೋಗ್ತಿದ್ಲು ಅಜ್ಜಾ!" ಎಂದಳು ಎಟೆಟಾ.



ಹಾರ್ಟ್‌ಲಿ ಬಾಗಿಲತ್ತ ಸರಿಯುತ್ತಿದ್ದ. "ಎಲ್ಲಿಗೆ ಸ್ವಾಮಿ? ಕೂತ್ಕೊಳ್ಳಿ," ಎಂದಳು ಅಕೈತಿ ಅತ್ತೆ. "ಕಲ್ಲು ಸಿಕ್ಕಿತಲ್ಲ, ಪರೀಕ್ಷೆಗೆ ಹೋಗುತ್ತೆ. ಅದು ಭಾನುವಾರಾನೂ ಮಾತಾಡುತ್ತೆ."

ಎಟೆಟಾ ಅಜ್ಜನ ಮುಂದೆ ಹೋಗಿ ನಿಂತಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಮುಟ್ಟಬೇಡ ಮಗಳೇ, ಕಪ್ಪಾಗ್ತದೆ."

ಅವಳು ತನ್ನ ಶುಭ್ರವಾಗಿದ್ದ ಎಡಗೈಯನ್ನೇ ಚಾಚಿ ಹಾಗೇ ನಿಂತಳು, ಅವನು ಹಿಡಿಯುವವರೆಗೂ. ಆಮೇಲೆ ಅವನನ್ನು ಮೆಲ್ಲಗೆ ಎಬ್ಬಿಸಿ ಠಾಣೆಯತ್ತ ನಡೆಸಿಕೊಂಡು ಹೋದಳು.