ಬಿಸಿಯಾಗದ ಗ್ರೀಸು

ಹೂಗ್ಲಿ ದಡದ ರೈಲು ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ, ಬೋಗಿಗಳ ಗಾಲಿಯಿಂದ ತೆಗೆದ ಹಳೇ ಗ್ರೀಸನ್ನು ಕಾಯಿಸಿ, ಅದು ಎಷ್ಟು ಶಾಖಕ್ಕೆ ಕರಗುತ್ತದೆಂದು ನೋಡುವುದು. ಆ ಮಧ್ಯಾಹ್ನ ಮೇಜಿನ ಮೇಲಿದ್ದ ಒಂದು ಡಬ್ಬಿಯ ಗ್ರೀಸು ಮಾತ್ರ ಕರಗಲೇ ಇಲ್ಲ. ಅದರ ಬಟ್ಟಲನ್ನು ಇಳಿಬಿಟ್ಟಿದ್ದ ಕಾದ ಎಣ್ಣೆ ಹೊಗೆಯಾಡುತ್ತಿತ್ತು. ಇಕ್ಕಳದಲ್ಲಿ ಬಟ್ಟಲನ್ನೆತ್ತಿ ಅಂಜುತ್ತಲೇ ಗ್ರೀಸಿಗೆ ಬೆರಳಿಟ್ಟೆ. ಕೊಳದ ತಳದ ಕೆಸರಿನಂತೆ ತಣ್ಣಗಿತ್ತು. ಒಳಗಿನಿಂದ ಒಣ ಗಾಲಿ ಕಿರುಗುಟ್ಟುವ ಸದ್ದು ಸಣ್ಣಗೆ ಕೇಳಿಸಿತು.

ಡಬ್ಬಿಯ ಮೇಲೆ ನಂಬರಿದ್ದ ಬೋಗಿ ಸಂಜೆ ಪ್ರಯಾಣಿಕರನ್ನು ಹೊತ್ತು ಹೊರಡಲಿತ್ತು.

“ಆ ಬೋಗಿ ಬಿಡಬೇಡಿ ನಿಶೀಥ್‌ದಾ,” ಎಂದು ಮೇಲಧಿಕಾರಿಗೆ ಹೇಳಿದೆ.

“ಕಾರಣ ಏನಂತ ಬರೀಲಿ ಸುತಪಾ? ಗ್ರೀಸಿಗೆ ಚಳಿಜ್ವರ ಅಂತಲಾ?” ಎಂದು ನಕ್ಕರು. ಬಟ್ಟಲಿನ ಗ್ರೀಸು ಮುಟ್ಟಿದ್ದೇ ತಡ, ಫೋನಿಗೆ ಕೈ ಹಾಕಿದರು.

ಸಂಜೆ ಫಿಟ್ಟರ್ ಫಟಿಕ್ ಓಡಿಬಂದ. “ಬದುಕಿದ್ವಿ ದೀದಿ! ಬೇರಿಂಗು ಎರಡು ಹೋಳಾಗಿತ್ತು. ಹೊರಟಿದ್ರೆ ಚಕ್ರಾನೇ ಕಳಚ್ತಿತ್ತು.”

ಬೆಂಚಿನ ಮೇಲೆ ಕೂತೆ. ನಿಶೀಥ್‌ದಾ ಎಲ್ಲರಿಗೂ ಚಹಾ, ಸಮೋಸದಂಥ ಬಿಸಿ ಸಿಂಗಾಡಾ ತರಿಸಿದರು. ಸುಮ್ಮಸುಮ್ಮನೆ ನಗು ಬರುತ್ತಿತ್ತು. ಮನಸ್ಸು ಅಷ್ಟು ಹಗುರಾಗಿತ್ತು.

ಫಟಿಕ್ ಮಾತ್ರ ಡಬ್ಬಿಯನ್ನೇ ನೋಡುತ್ತಿದ್ದ. “ಇದನ್ನ ಯಾರು ತಂದ್ರು ದೀದಿ? ಆ ಗಾಲೀನ ನಾವು ಬಿಚ್ಚಿದ್ದೇ ಈಗ. ಒಳಗೆ ಬರೀ ತುಕ್ಕು. ಬೆರಳಿಗೆ ಅಂಟೋವಷ್ಟೂ ಗ್ರೀಸಿರಲಿಲ್ಲ.”