ಬೆಂಕಿ ಕಾಲದ ಮದುವೆ

"ಮೇಲೆ ಹೋಗ್ಬೇಡಿ, ಇಳೀರಿ ಕೆಳಗೆ!"

ಚಾಮುಂಡಿಬೆಟ್ಟದ ಮೆಟ್ಟಿಲ ಮೇಲೆ ಧನುಶ್ರೀ ಬೆಚ್ಚಿ ನಿಂತಳು. ಹೊಗೆಯೊಳಗಿಂದ ಓಡಿಬಂದ ಖಾಕಿ ಬಟ್ಟೆಯ ಯುವಕನೊಬ್ಬ ಅವಳ ಮುಂಗೈ ಹಿಡಿದು ಹತ್ತು ಮೆಟ್ಟಿಲು ಕೆಳಗೆ ಎಳೆದೊಯ್ದ.

'ಎಷ್ಟು ಧೈರ್ಯ ಇವನಿಗೆ...' ಎಂದುಕೊಳ್ಳುವಷ್ಟರಲ್ಲಿ, ಅವಳು ನಿಂತಿದ್ದ ಜಾಗದ ಪಕ್ಕದ ಒಣಹುಲ್ಲು ಧಗ್ಗನೆ ಹೊತ್ತಿಕೊಂಡಿತು.

ಅದು 2001ರ ಮಾರ್ಚ್. ಅವನು ಅರಣ್ಯ ಇಲಾಖೆಯ ಗಾರ್ಡ್ ಮಹಾಂತೇಶ್. ಜೊತೆಗಿದ್ದವರು ನಾಲ್ಕೇ ಜನ. ಧನುಶ್ರೀ ಕೃಷ್ಣಮೂರ್ತಿಪುರಂನ ಶಾಲಾ ಟೀಚರ್. ಓಡಿಹೋಗುವ ಬದಲು ದುಪಟ್ಟಾ ಸೊಂಟಕ್ಕೆ ಬಿಗಿದು, ಹಸಿ ಸೊಪ್ಪಿನ ಕೊಂಬೆ ಹಿಡಿದು ಅವರೊಂದಿಗೆ ಬೆಂಕಿ ಬಡಿಯಲು ನಿಂತಳು.

ಬೆಂಕಿ ಆರಿದರೂ ಅವಳ ಎದೆಬಡಿತ ಇಳಿಯಲಿಲ್ಲ. ಭಯಕ್ಕಲ್ಲ... ಮತ್ಯಾಕೆ?

ಆಮೇಲೆ ಪ್ರತಿ ಭಾನುವಾರ ಬೆಟ್ಟ ಹತ್ತುವುದು ಅವಳಿಗೆ ಅಭ್ಯಾಸವಾಯಿತು. ಅವನ ಮಾತೆಲ್ಲ ಕಾಡಿನದೇ. ತೊಂಬತ್ತಾರರಲ್ಲಿ ಕೆಲಸಕ್ಕೆ ಸೇರಿದಾಗ ಶಿವರಾತ್ರಿ ಕಳೆದ ಮೇಲೆ ಬೆಂಕಿ ಬೀಳುತ್ತಿತ್ತಂತೆ, ಯುಗಾದಿಯ ಹೊತ್ತಿಗೆ ಒಂದು ಮಳೆ ಬಿದ್ದರೆ ಮುಗಿಯಿತು. ಈಗ ಮಳೆ ತಡ, ಹುಲ್ಲು ಬೇಗ ಒಣಗುತ್ತದೆ, ಆರಿಸುವವರು ಮಾತ್ರ ಅಷ್ಟೇ ಜನ. ಹೇಳುತ್ತ ಹೇಳುತ್ತ ಅವನು ಬೆಟ್ಟದ ಒಣಹುಲ್ಲಿನತ್ತ ನೋಡುತ್ತಿದ್ದ. ಆ ನೋಟವೂ ಅವಳಿಗೆ ಇಷ್ಟವಾಯಿತು.

2004ರ ಜನವರಿಯ ಮೊದಲ ವಾರ ಅವನೇ ಹೇಳಿದ, ಬೆಂಕಿ ಶುರುವಾಗುವ ಮೊದಲೇ, ಸಂಕ್ರಾಂತಿಯ ಮಾರನೇ ದಿನ ಅಮ್ಮನ ಜೊತೆ ಬಂದು ಮದುವೆ ಮಾತಾಡುತ್ತೇನೆಂದು.

ಆ ದಿನ ಯಾರೂ ಬರಲಿಲ್ಲ. ಒಂದು ಫೋನೂ ಇಲ್ಲ. ಧನುಶ್ರೀ ಉಟ್ಟ ರೇಷ್ಮೆ ಸೀರೆಯಲ್ಲೇ ಸಂಜೆಯವರೆಗೂ ಕೂತಿದ್ದಳು. ಅವರಿಗೆ ಇಷ್ಟವಿಲ್ಲವೇನೋ, ಮರೆತುಬಿಡಮ್ಮ ಎಂದರು ಅಪ್ಪ ಗುರುಸಿದ್ದಯ್ಯ.

ವಾರದ ನಂತರ ಅವನ ಕಾಗದ ಬಂತು. 'ನನ್ನನ್ನು ಮರೆತುಬಿಡಿ.'

ಇಷ್ಟು ದಿನ ಆಟ ಆಡಿದನಾ? ಕಣ್ಣೊರೆಸಿಕೊಂಡವಳು ನೇರ ಬೆಟ್ಟದ ಬುಡದ ಅರಣ್ಯ ಚೌಕಿಗೆ ಹೋದಳು. ಅಲ್ಲಿದ್ದ ವಾಚರ್ ಬಸವರಾಜು ಅಚ್ಚರಿಯಿಂದ ಕೇಳಿದ, ನಿಮಗೆ ಗೊತ್ತಿಲ್ವಾ ಎಂದು. ಸಂಕ್ರಾಂತಿಯ ದಿನವೇ ಗುಂಡ್ಲುಪೇಟೆಯಾಚೆಯ ಕಾಡಿಗೆ ಬೆಂಕಿ ಬಿದ್ದಿತ್ತು. ಇಲ್ಲಿಂದ ಎಲ್ಲರನ್ನೂ ಕಳಿಸಿದ್ದರು. ಐದು ದಿನ, ಫೋನಿಲ್ಲದ ಕಾಡು.

ಹಿಂದಿನ ಕೋಣೆಯಲ್ಲಿ ಮಹಾಂತೇಶ್ ಕೂತಿದ್ದ. ಎಡಗೈಗೆ ಬ್ಯಾಂಡೇಜು.

ಅವಳ ಕೋಪವೆಲ್ಲ ಕರಗಿತು. ಆದರೂ ಕಾಗದ ಮುಂದೆ ಹಿಡಿದಳು. "ಇದನ್ನ ನನ್ನ ಮುಖ ನೋಡ್ಕೊಂಡು ಹೇಳಿ."

ಅವನು ತಲೆ ತಗ್ಗಿಸಿದ. "ಮೊದ್ಲು ಒಂದೆರಡು ತಿಂಗಳ ಕಷ್ಟ ಇತ್ತು. ಈಗ ಸಂಕ್ರಾಂತಿಗೇ ಶುರು ಕಣ್ರೀ, ಜೂನ್ ತನಕ. ಮುಂದೆ ಇನ್ನೆಷ್ಟೋ... ಅರ್ಧ ವರ್ಷ ಮನೇಲಿರದ ಗಂಡನ್ನ ಕಟ್ಕೊಂಡು ಏನ್ ಮಾಡ್ತೀರ?"

"ಕೆಲಸ ಬಿಡ್ತೀರಾ?"

"ಆಗಲ್ಲ."

"ಬಿಡಿ ಅಂತ ನಾನು ಕೇಳಿದ್ನಾ?" ಅವಳು ಕಾಗದ ಮಡಚಿದಳು. "ಬೆಂಕಿ ಇಲ್ದಿರೋ ತಿಂಗಳು ಹುಡುಕ್ತಾ ಕೂತ್ರೆ ನಮ್ಮ ಮದುವೆನೇ ಆಗಲ್ಲ. ಈ ಮಾರ್ಚಲ್ಲೇ ಆಗೋಣ."

ಮಹಾಂತೇಶ್ ತಲೆಯೆತ್ತಿದ. ಅವನ ಕಣ್ಣು ತುಂಬಿತ್ತು.

"ಮುಹೂರ್ತದ ದಿನಾನೇ ಬೆಂಕಿ ಬಿದ್ರೆ?"

"ಆರಿಸಿ ಬನ್ನಿ. ಅಕ್ಷತೆ ಹಿಡ್ಕೊಂಡು ಎಲ್ರೂ ಕಾಯ್ತೀವಿ."

"ಮುಖ ಮೈಯೆಲ್ಲ ಮಸಿ ಆಗಿರತ್ತೆ ಧನು."

ಮೊದಲ ಸಲ ಅವನು ಹಾಗೆ ಕರೆದಿದ್ದ. ಅವಳು ಅಳುತ್ತಲೇ ನಕ್ಕಳು.

"ಒಂದು ಚೊಂಬು ನೀರು ನಾನೇ ತಂದ್ಕೊಡ್ತೀನಿ, ಬನ್ನಿ."