ಮನೆಯವರ ಹೆಸರಿನವ

ಗುರುವಾರ ಬೆಳಿಗ್ಗೆ 7.40ಕ್ಕೆ ಠಾಣೆಗೆ ಬಂದ ಬಸ್ಸಮ್ಮ ಕೂರಲೊಲ್ಲದೆ ನಿಂತೇ ದೂರು ಹೇಳಿದಳು. ಕುರ್ಡಿ ಹಳ್ಳಿಯಲ್ಲಿನ ಅವಳ ಮನೆಯ ಬಾಗಿಲ ಮೇಲೆ ಯಾರೋ ನೀಲಿ ಬಣ್ಣದಲ್ಲಿ ಬರೆದಿದ್ದರು: 'ಸಾಕ್ಷಿ ನಂ. 4. ಸೋಮವಾರ ಕೋರ್ಟಿಗೆ ಹೋದರೆ ನೋಡು.'

ಪಿಎಸ್‌ಐ ಶೈಲಜಾ ಕೊಲೆ ಕೇಸಿನ ಕಡತ ತೆರೆದಳು. ಕಾಲುವೆ ನೀರಿನ ಜಗಳದಲ್ಲಿ ಗದ್ದೆಪ್ಪ ಸಲಿಕೆಯಿಂದ ಹೊಡೆದು ಯಮನೂರಪ್ಪನನ್ನು ಕೊಂದದ್ದನ್ನು ಕಣ್ಣಾರೆ ಕಂಡವಳು ಬಸ್ಸಮ್ಮ ಒಬ್ಬಳೇ. ಆರೋಪಿ ಜೈಲಿನಲ್ಲಿದ್ದರೂ ಅವನ ಬಳಗ ಊರಲ್ಲೇ ಇತ್ತು. ಅದಕ್ಕೇ ರಾಯಚೂರಿನ ನ್ಯಾಯಾಲಯ ಅವಳ ಹೆಸರು, ವಿಳಾಸ ಗುಟ್ಟಾಗಿಟ್ಟು ಪರದೆಯ ಹಿಂದಿನಿಂದ ಸಾಕ್ಷಿ ಹೇಳಿಸಲು ಒಪ್ಪಿತ್ತು. ಈಗ ಅವಳು ಹಿಂದೆ ಸರಿದರೆ ಕೇಸು ಬಿದ್ದಂತೆಯೇ.

"ಯಾರ ಮುಂದರ ಹೇಳೀಯೇನ್ ಯವ್ವಾ?"

"ಮನ್ಯಾಗೂ ಬಾಯಿ ಬಿಟ್ಟಿಲ್ರಿ."

ಎಫ್‌ಐಆರ್ ದಾಖಲಾಯಿತು. 9.30ಕ್ಕೆ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ವಿಶ್ವೇಶ ಬಾಗಿಲ ಬಣ್ಣ ಕೆರೆದು ಪೊಟ್ಟಣ ಕಟ್ಟಿದ. ಅಕ್ಷರಗಳು ಮಾತ್ರ ಶಾಲೆಯ ಕರಿಹಲಗೆಯ ಮೇಲೆ ಬರೆದಷ್ಟು ದುಂಡಗಿದ್ದವು. 11.50ಕ್ಕೆ ಮಾನ್ವಿಯಲ್ಲಿ ಆರೋಪಿಯ ವಕೀಲರನ್ನು ಕೇಳಿದಾಗ, ಸಾಕ್ಷಿ ಹೇಳಿಕೆಯ ಪ್ರತಿಯನ್ನು ಗದ್ದೆಪ್ಪನ ಮಗಳು ಮೇಘಾ ಹಿಂದಿನ ವಾರ ಓದಲು ಒಯ್ದಿದ್ದಳೆಂದು ತಿಳಿಯಿತು. ಹುಡುಗಿ ಬಿ.ಎಡ್. ಓದುತ್ತಿದ್ದಳು.

ಸಂಜೆ ಮೇಘಾಳ ಮನೆ ಶೋಧಿಸಿದಾಗ ಟ್ರಂಕಿನ ಹಿಂದೆ ನೀಲಿ ಬಣ್ಣದ ಡಬ್ಬಿ ಸಿಕ್ಕಿತು, ಜೊತೆಗೆ ಆ ಪ್ರತಿಯೂ. ಸಾಕ್ಷಿಯ ಹೆಸರು, ಊರು ಎಲ್ಲದಕ್ಕೂ ಮಸಿ ಬಳಿದಿತ್ತು. ಎರಡನೇ ಪುಟದ ಒಂದು ಸಾಲಿನ ಕೆಳಗೆ ಮಾತ್ರ ಕೆಂಪು ಗೆರೆ: 'ನಮ್ಮ ಮನೆಯವರ ಹೆಸರಿನವನೇ ಸಲಿಕೆ ಎತ್ತಿ ಹೊಡೆದನು.'

ಶೈಲಜಾ ಆ ಸಾಲನ್ನು ಮತ್ತೊಮ್ಮೆ ಓದಿದಳು. ಹೇಳಿಕೆ ಕೊಟ್ಟ ದಿನ ಬಸ್ಸಮ್ಮ ಏನು ಮಾಡಿದರೂ ಆರೋಪಿಯ ಹೆಸರು ಹೇಳಿರಲಿಲ್ಲ. ಗಂಡನ ಹೆಸರೂ ಅದೇ ಆಗಿತ್ತು. ಸಾಕ್ಷಿಯ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವೆನೆಂಬ ಹೆಮ್ಮೆಯಲ್ಲಿ ಶೈಲಜಾ ಹಾಗೆಯೇ ಬರೆದಿದ್ದಳು. ಊರಿನಲ್ಲಿ ಗದ್ದೆಪ್ಪ ಎನ್ನುವವರು ಇದ್ದದ್ದೇ ಇಬ್ಬರು: ಆರೋಪಿ, ಮತ್ತೆ ಬಸ್ಸಮ್ಮನ ಗಂಡ.

ಹೊತ್ತು ಮುಳುಗಿದರೆ ಹೆಣ್ಣನ್ನು ದಸ್ತಗಿರಿ ಮಾಡುವಂತಿಲ್ಲ. 5.50ಕ್ಕೆ ಮೇಘಾಳನ್ನು ಜೀಪು ಹತ್ತಿಸಿದರು. ಅವಳು ಅಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ.

"ನಮ್ಮಪ್ಪನ ಮ್ಯಾಲ ಹೇಳಾಕಿ ಯಾರಂತ ನಮಗ ಗೊತ್ತಾಗಬಾರದೇನ್ರಿ? ಮಾರಿ ತೋರಿಸಿ ಹೇಳಿದ್ರ ಸುಮ್ಮನಿರ್ತಿದ್ದೆ."

ಆ ಪ್ರತಿ ಕೈಸೇರುವ ಮುಂಚೆ ಎಂಟು ತಿಂಗಳು ಅವಳು ನಲ್ಲಿಯ ಸಾಲಿನಲ್ಲಿ ನಿಂತ ಒಬ್ಬೊಬ್ಬರ ಮುಖವನ್ನೂ ನಾಲ್ಕನೇ ಸಾಕ್ಷಿ ಇವರೇ ಇರಬಹುದೇ ಎಂದು ನೋಡುತ್ತ ಕಳೆದಿದ್ದಳು. ಅವಳು ಬೆದರಿಸಿದ್ದು ತಪ್ಪೆಂದು ಬರೆದುಕೊಳ್ಳುವುದು ಶೈಲಜಾಗೆ ಸುಲಭವಿತ್ತು, ಮನಸ್ಸಿಗೆ ಒಪ್ಪಿಸುವುದು ಸುಲಭವಿರಲಿಲ್ಲ.

ಠಾಣೆಯಲ್ಲಿ ಬಸ್ಸಮ್ಮ ಇನ್ನೂ ಕಾಯುತ್ತಿದ್ದಳು. ತಪ್ಪು ತನ್ನದೆಂದು ಶೈಲಜಾ ಒಪ್ಪಿಕೊಂಡಳು. ಕಾವಲು ಹಾಕಿಸುತ್ತೇನೆ, ಕೋರ್ಟಿಗೂ ತಿಳಿಸುತ್ತೇನೆ ಎಂದಳು. ಬಸ್ಸಮ್ಮ ಬೆಂಚಿನಿಂದ ಎದ್ದಳು.

"ಪರದಿ ಬ್ಯಾಡ್ರಿ ಇನ್ನ. ಎಲ್ಲಾರಿಗೂ ಗೊತ್ತಾತಲ್ಲ. ಸೋಮವಾರ ಅಂವನ ಹೆಸರು ಕೇಳ್ತಾರೇನ್ರಿ?"

"ಕೇಳ್ತಾರ ಯವ್ವಾ."

ಹೊರಗೆ ಬೇವಿನ ಗಿಡದ ಕೆಳಗೆ ಅವಳ ಗಂಡ ಬೀಡಿ ಸೇದುತ್ತ ಕೂತಿದ್ದ. ಬಸ್ಸಮ್ಮ ಅತ್ತ ಒಮ್ಮೆ ನೋಡಿ ತಲೆ ತುಂಬ ಸೆರಗು ಹೊದ್ದಳು. ಆಮೇಲೆ, ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ, ತಗ್ಗಿದ ದನಿಯಲ್ಲಿ ಹೇಳಿ ನೋಡಿದಳು.

"ಗದ್ದೆಪ್ಪ."